ಕಣ್ಣೆದುರು ಮಿನುಗುವ ಗೆರೆ: ಅದೂ ಮೈಗ್ರೇನ್ ಇರಬಹುದು

ನಮಸ್ಕಾರ. ತಂಗಿಗೆ ತಲೆನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆ ಮಿನುಗುತ್ತದೆ, ನಿಮಗೆ ಹಾಗಾಗಲ್ಲ, ಮತ್ತೆ ಇಬ್ಬರದೂ ಮೈಗ್ರೇನ್ ಹೇಗಾಯಿತು ಅಂತ ಮಂಡ್ಯದಿಂದ ಕೇಳಿದ್ದೀರಿ. ಇಬ್ಬರದೂ ಆಗಿರಬಹುದು.

ತಂಗಿಯದು ‘ಔರಾ’ (ಸಾಮಾನ್ಯವಾಗಿ ತಲೆನೋವಿಗೆ ಮುಂಚೆ ಬರುವ ಇಂಥ ಸೂಚನೆ) ಇರುವ ಮೈಗ್ರೇನ್ ಥರ ಕಾಣುತ್ತದೆ. ಇದರಲ್ಲಿ ಓದುತ್ತಿರುವ ಸಾಲಿನ ನಡುವೆ ಒಂದೆರಡು ಅಕ್ಷರ ಮಾಯವಾಗುತ್ತವೆ. ಆಮೇಲೆ ಮಿನುಗುವ ಗೆರೆ ನಿಧಾನವಾಗಿ ಅಂಚಿನ ಕಡೆ ಹರಡುತ್ತದೆ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಆಗ ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಎರಡರಲ್ಲೂ ಕಂಡರೆ ಅದು ಬಹುತೇಕ ಮಿದುಳಿನಿಂದ ಬಂದದ್ದು. ಒಂದೇ ಕಣ್ಣಲ್ಲಿ ಕಂಡರೆ ಕಣ್ಣಿನ ಡಾಕ್ಟರಿಗೆ ಬೇಗ ತೋರಿಸಿ.

ನಿಮ್ಮದು ಔರಾ ಇಲ್ಲದ್ದು. ಜಾಸ್ತಿ ಜನಕ್ಕೆ ಬರುವುದು ಅದೇ. ಇನ್ನು ಕೆಲವರಿಗೆ ಔರಾ ಬಂದು ತಲೆನೋವೇ ಬರಲ್ಲ, ಕೆಲವರಿಗೆ ತಲೆಸುತ್ತೇ ಮುಖ್ಯ ತೊಂದರೆ.

ಈ ವ್ಯತ್ಯಾಸ ಸುಮ್ನೆ ಹೆಸರಿಗಲ್ಲ. ಔರಾ ಇರುವ ಹೆಂಗಸರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಔರಾ ವಿಷಯ ಡಾಕ್ಟರಿಗೆ ಹೇಳಲೇಬೇಕು.

ತಂಗಿಗೆ ವಾರಕ್ಕೆ 4 ದಿನ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಅಂದಿರಲ್ಲ, ನನಗೆ ಹೆಚ್ಚು ಚಿಂತೆ ಅದರದ್ದೇ. ತಿಂಗಳಿಗೆ 15 ದಿನ ದಾಟಿದರೆ ಮಾತ್ರೆಯೇ ತಲೆನೋವು ತರಿಸಬಹುದು. ದಯವಿಟ್ಟು ಅವಳನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈಗೆ ಬಲವಿಲ್ಲದಂತಾದರೆ ಮಾತ್ರ ಮೈಗ್ರೇನ್ ಅಂತ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.