ಮೂರನೇ ಪುಟದಿಂದ ಶುರು ಮಾಡಿ

ಮದ್ದೂರಿನ ಗೆಳೆಯರೇ,

ನೀವು ಕಳಿಸಿದ ಆಲೆಮನೆಯ ಕತೆ ಓದಿದೆ. ನೇರವಾಗಿ ಹೇಳುತ್ತೇನೆ, ಈಗ ಇರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಜೊತೆಗಿದ್ದ ಪತ್ರದಲ್ಲಿ 'ಇದೂ ವಾಪಸ್ ಬಂದರೆ ಬರೆಯೋದೇ ಬಿಟ್ಟುಬಿಡ್ತೀನಿ ಸಾರ್' ಅಂದಿದ್ದೀರಲ್ಲ, ಅದಕ್ಕೇ ಇಷ್ಟುದ್ದ ಉತ್ತರ. ದಯವಿಟ್ಟು ಬಿಡಬೇಡಿ.

ಮೊದಲ ಎರಡು ಪುಟ ಪೂರ್ತಿ ಸೂರ್ಯೋದಯ, ನಾಲೆಯ ನೀರು, ಹಸಿರು ಗದ್ದೆ. ಇಂಥ ವರ್ಣನೆ ಈ ಮೈಸೂರಿನ ಮೇಜಿಗೆ ತುಂಬಾ ಬರುತ್ತದೆ. ಮೂರನೇ ಪುಟದಲ್ಲಿ ಅಪ್ಪ ಕೊಪ್ಪರಿಗೆ ಮುಂದೆ ನಿಂತು, ಚೂರು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾನೆ. ಅದೇ ಹೊತ್ತಿಗೆ ಮಗ ಬಂದು 'ಗದ್ದೆ ಮಾರ್ಬುಡನ ಕಣಪ್ಪ' ಅನ್ನುತ್ತಾನೆ. ಅಪ್ಪ ತಿರುಗಿಯೂ ನೋಡುವುದಿಲ್ಲ. ಆ ಗಳಿಗೆಯಲ್ಲಿ ಕಣ್ಣು ಆಚೆ ಹೋಗಿ ಹದ ತಪ್ಪಿದರೆ ಬೆಲ್ಲ ಅಚ್ಚಿನಲ್ಲಿ ಕೂರುವುದಿಲ್ಲ, ಅಷ್ಟು ಕಬ್ಬಿನ ದುಡಿಮೆಯೂ ಹೋಗುತ್ತದೆ, ಹಾಗಾಗಿ ಅವನ ಆ ಮೌನ ಸಿಟ್ಟೋ ಕೆಲಸವೋ ಅಂತ ಮಗನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಎಂಥ ಜಾಗ ಅದು! ಒಲೆಯ ಬಿಸಿ ತಾಗಿದವರು ಮಾತ್ರ ಹೀಗೆ ಬರೆಯಬಲ್ಲರು. ಕತೆ ಅಲ್ಲಿಂದಲೇ ಶುರುವಾಗಲಿ.

ಆದರೆ ಮುಂದಿನ ಪುಟದಲ್ಲಿ ಅದೇ ಅಪ್ಪ 'ನನ್ನ ಅಂತರಂಗದ ವೇದನೆ' ಅಂತೆಲ್ಲ ಮಾತಾಡುತ್ತಾನೆ. ಯಾಕೆ? ಅವನು ಹಾಗೆ ಮಾತಾಡುವವನಲ್ಲ ಅಲ್ವಾ? ಅವನ ಮಾತನ್ನೆಲ್ಲ ಜೋರಾಗಿ ಓದಿ ನೋಡಿ, ಸುಳ್ಳಾದ ಸಾಲು ಕಿವಿಗೆ ಸಿಕ್ಕಿಬಿಡುತ್ತದೆ. 2,500 ಪದ 1,800ಕ್ಕೆ ಇಳಿದರೂ ಚಿಂತೆಯಿಲ್ಲ.

ಕೆಲಸದ ಮಧ್ಯೆ ಬರೆಯಲು ಆಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಕಷ್ಟ, ನಿಜ. ನಿಮ್ಮ ಕಡೆಯವರೇ ಆದ ಬೆಸಗರಹಳ್ಳಿ ರಾಮಣ್ಣ ವೈದ್ಯರಾಗಿದ್ದುಕೊಂಡೇ ಮಂಡ್ಯದ ಹಳ್ಳಿಗಳ ಕತೆ ಬರೆದರು. ದಿನಕ್ಕೆ ಅರ್ಧ ಪುಟ ಆದರೂ ಸಾಕು.

ಕತೆ ವಾಪಸ್ ಬರಲು ನೂರು ಕಾರಣ ಇರುತ್ತವೆ. ಕೆಲವು ಸಲ ಪುಟ ತುಂಬಿರುತ್ತದೆ, ಕೆಲವು ಸಲ ಅಂಥದ್ದೇ ಕತೆ ಆಗಲೇ ಅಚ್ಚಿಗೆ ಹೋಗಿರುತ್ತದೆ. ಆದರೆ ಒಂದೇ ಕತೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ದುಡ್ಡು ಕೊಟ್ಟು ಪುಸ್ತಕ ಮಾಡಿಸುವ ಆತುರವೂ ಈಗ ಬೇಡ. ಹತ್ತು ಒಳ್ಳೆಯ ಕತೆ ಆಗಲಿ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆ ಇದೆ, ಅರ್ಜಿ ಕರೆದಾಗ ಹಾಕಿ.

ತಿದ್ದಿದ ಕತೆಯನ್ನು ನನ್ನ ಹೆಸರಿಗೇ ಕಳಿಸಿ, ಯುನಿಕೋಡ್‌ನಲ್ಲಿ. ನಾನೇ ಓದುತ್ತೇನೆ.