ಮೌಸ್ ಮುಟ್ಟದೆ ಕಂಪ್ಯೂಟರ್: ಬೆರಳು, ಕಣ್ಣು, ಕ್ಯಾಮೆರಾ ಕುರಿತ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಲ್ಯಾಪ್‌ಟಾಪ್ ಕ್ಯಾಮೆರಾ, ಪೈಥಾನ್ ಭಾಷೆ, ಚಿತ್ರದಲ್ಲಿ ಕೈ ಗುರುತಿಸುವ ಮೀಡಿಯಾಪೈಪ್ ಬಳಸಿ ತೋರುಬೆರಳಿನಿಂದ ಮೌಸ್ ಬಾಣ ಓಡಿಸುವ ಪ್ರಾಜೆಕ್ಟ್ ಮಾಡಿದ್ದೇನೆ. ಬಾಣ ಒಂದೇ ಸಮನೆ ನಡುಗುತ್ತದೆ, ಕೈ ಮುಂದೆ ಹೋದಮೇಲೆ ನಿಧಾನವಾಗಿ ಬರುತ್ತದೆ, ಕ್ಲಿಕ್ ಮಾಡಲು ಹೋದರೆ ಗುರಿ ತಪ್ಪುತ್ತದೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಕ್ಯಾಮೆರಾ ಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಕಾರಣಗಳಿವೆ. ಮೂರನ್ನೂ ಖರ್ಚಿಲ್ಲದೆ ಸರಿಮಾಡಬಹುದು.

ಮೊದಲು ತಡದ ಮಾತು. ಬಾಣ ಓಡಿಸಲು ಹೆಚ್ಚಿನವರು ಪೈಥಾನಿನಿಂದ ಮೌಸ್ ನಡೆಸುವ ಪೈಆಟೋಜಿಯುಐ ಬಳಸುತ್ತಾರೆ, ನೀವೂ ಬಳಸಿರಬಹುದು. ಅದು ಪ್ರತಿ ಆಜ್ಞೆಯ ನಂತರ ತಾನಾಗಿಯೇ 0.1 ಸೆಕೆಂಡ್ ಸುಮ್ಮನೆ ನಿಲ್ಲುತ್ತದೆ. 'ಪಾಸ್' (PAUSE, ವಿರಾಮ) ಎಂಬ ಅದರ ಮೌಲ್ಯವನ್ನು ಹಾಗೆ ಇಟ್ಟೇ ಕೊಟ್ಟಿರುತ್ತಾರೆ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಕೊಟ್ಟರೂ ಬಾಣ ಸೆಕೆಂಡಿಗೆ 10 ಸಲಕ್ಕಿಂತ ಹೆಚ್ಚು ಕದಲಲಾರದು. ಆ ಮೌಲ್ಯವನ್ನು ಸೊನ್ನೆ ಮಾಡಿ, ಅರ್ಧ ತಡ ಅಲ್ಲೇ ಹೋಗುತ್ತದೆ. ಆದರೆ ಬಾಣ ಪರದೆಯ ಮೂಲೆಗೆ ಹೋದಾಗ ಪ್ರೋಗ್ರಾಂ ನಿಲ್ಲಿಸುವ 'ಫೇಲ್‌ಸೇಫ್' ತೆಗೆಯಬೇಡಿ. ಬಾಣ ಹತೋಟಿ ತಪ್ಪಿದಾಗ ಇರುವುದು ಅದೊಂದೇ ಬ್ರೇಕು. ಬೆರಳಿನಿಂದ ಬರುವ ಸ್ಥಾನವನ್ನು ಅಂಚಿನಿಂದ 5 ಪಿಕ್ಸೆಲ್ ಒಳಗೇ ತಡೆಯಿರಿ. ಆಗ ಬೆರಳಿನಿಂದ ಪ್ರೋಗ್ರಾಂ ನಿಲ್ಲುವುದಿಲ್ಲ, ನಿಜವಾದ ಮೌಸನ್ನು ಮೂಲೆಗೆ ತಳ್ಳಿದರೆ ನಿಲ್ಲುತ್ತದೆ.

ಇನ್ನು ನಡುಕ. ಕ್ಯಾಮೆರಾ ಚಿತ್ರ 640 ಪಿಕ್ಸೆಲ್ ಅಗಲ, ಪರದೆ 1920 ಎಂದಿಟ್ಟುಕೊಳ್ಳಿ. ಎಡಕ್ಕೆ ನೂರು, ಬಲಕ್ಕೆ ನೂರು ಪಿಕ್ಸೆಲ್ ಅಂಚು ಬಿಡಲೇಬೇಕು. ಬಿಡದಿದ್ದರೆ ಬಾಣ ಪರದೆಯ ಅಂಚು ಮುಟ್ಟುವಷ್ಟರಲ್ಲಿ ಅಂಗೈ ಅರ್ಧ ಚಿತ್ರದಾಚೆ ಹೋಗಿ ಗುರುತೇ ತಪ್ಪುತ್ತದೆ. ಉಳಿದ 440 ಪಿಕ್ಸೆಲ್ 1920 ಆಗಿ ಹಿಗ್ಗಬೇಕು. ಅಂದರೆ ಇಲ್ಲಿನ ಒಂದು ಪಿಕ್ಸೆಲ್ ಅಲ್ಲಿ ನಾಲ್ಕಕ್ಕೂ ಹೆಚ್ಚು. ಮೀಡಿಯಾಪೈಪ್ ಒಂದು ಕೈಯಲ್ಲಿ 21 ಬಿಂದು ಗುರುತಿಸುತ್ತದೆ. ಕೈ ಅಲ್ಲಾಡದಿದ್ದರೂ ಅವು ಒಂದೆರಡು ಪಿಕ್ಸೆಲ್ ಆಚೀಚೆ ಆಗುತ್ತವೆ, ಪರದೆಯಲ್ಲಿ ಅದೇ ದೊಡ್ಡ ನಡುಕವಾಗಿ ಕಾಣುತ್ತದೆ.

ಹಳೆಯ ಸ್ಥಾನಕ್ಕೆ ವ್ಯತ್ಯಾಸದ ಐದನೇ ಒಂದು ಪಾಲು ಮಾತ್ರ ಕೂಡಿಸುತ್ತ ಹೋಗುವುದು ಎಲ್ಲರೂ ಮಾಡುವ ಉಪಾಯ. ನಡುಕ ಹೋಗುತ್ತದೆ, ತಡ ಮತ್ತೆ ಬರುತ್ತದೆ. ಇದಕ್ಕಿಂತ ಎಷ್ಟೋ ಮೇಲು 'ಒನ್ ಯೂರೋ ಫಿಲ್ಟರ್'. ಕ್ಯಾಸಿಯೇ, ರೂಸೆಲ್, ವೋಗೆಲ್ ಎಂಬ ಮೂವರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ವಿಧಾನ ಇದು. ಕೈ ನಿಧಾನವಾಗಿದ್ದಾಗ ಜೋರಾಗಿ ಸೋಸುತ್ತದೆ, ವೇಗವಾಗಿ ಹೋದಾಗ ಸೋಸುವುದನ್ನು ಸಡಿಲಿಸುತ್ತದೆ. ಅದರಲ್ಲಿ ಹೊಂದಿಸಬೇಕಾದ ಅಂಕಿ ಎರಡು: ನಿಧಾನದಲ್ಲಿ ಎಷ್ಟು ಸೋಸಬೇಕು ಎಂಬ ಕನಿಷ್ಠ ಕಟ್‌ಆಫ್, ವೇಗ ಏರಿದಂತೆ ಎಷ್ಟು ಸಡಿಲಿಸಬೇಕು ಎಂಬ ಬೀಟಾ. ಹೊಂದಿಸುವ ಕ್ರಮ ಹೀಗೆ: ಬೀಟಾ ಸೊನ್ನೆ, ಕನಿಷ್ಠ ಕಟ್‌ಆಫ್ 1 ಹರ್ಟ್ಸ್ ಇಟ್ಟು ಕೈಯನ್ನು ಸ್ಥಿರವಾಗಿ ಹಿಡಿಯಿರಿ; ನಡುಕ ನಿಲ್ಲುವವರೆಗೆ ಕಟ್‌ಆಫ್ ತಗ್ಗಿಸಿ. ಆಮೇಲೆ ಕೈ ರಭಸವಾಗಿ ಬೀಸುತ್ತ ತಡ ಕಾಣದಾಗುವವರೆಗೆ ಬೀಟಾ ಏರಿಸಿ. ಎರಡನ್ನೂ ಒಟ್ಟಿಗೆ ತಿರುವಲು ಹೋದರೆ ದಿನವಿಡೀ ಕೂತರೂ ಸರಿಹೋಗುವುದಿಲ್ಲ.

ಕ್ಲಿಕ್ ಗುರಿ ತಪ್ಪುವುದಕ್ಕೆ ಕಾರಣ ನಿಮ್ಮ ಬೆರಳೇ. ಬಾಣವನ್ನು ತೋರುಬೆರಳ ತುದಿಗೆ (8ನೇ ಬಿಂದು) ಕಟ್ಟಿದ್ದೀರಿ. ಹೆಬ್ಬೆರಳಿಗೆ (4ನೇ ಬಿಂದು) ತಾಗಿಸುವಾಗ ಅದೇ ತುದಿ ಬಾಗಿ ಕೆಳಗೆ ಬರುತ್ತದೆ, ಬಾಣವೂ ಜೊತೆಗೆ ಇಳಿಯುತ್ತದೆ. ಬಾಣವನ್ನು ತೋರುಬೆರಳಿನ ಬುಡದ ಗೆಣ್ಣಿಗೆ, ಅಂದರೆ 5ನೇ ಬಿಂದುವಿಗೆ ಕಟ್ಟಿ. ಚಿವುಟುವಾಗ ಆ ಗೆಣ್ಣು ಹೆಚ್ಚು ಕದಲುವುದಿಲ್ಲ. ಚಿವುಟನ್ನು ಪಿಕ್ಸೆಲ್‌ನಲ್ಲಿ ಅಳೆಯಬೇಡಿ, ಕೈ ದೂರ ಹೋದರೆ ಲೆಕ್ಕ ಕೆಡುತ್ತದೆ. 4 ಮತ್ತು 8ರ ಅಂತರವನ್ನು ಮಣಿಕಟ್ಟಿನಿಂದ (0) ನಡುಬೆರಳ ಬುಡದವರೆಗಿನ (9) ಅಂತರದಿಂದ ಭಾಗಿಸಿ. 0.25ಕ್ಕಿಂತ ಕಡಿಮೆಯಾದರೆ ಒತ್ತಿದಂತೆ, 0.4 ದಾಟಿದ ಮೇಲೆ ಬಿಟ್ಟಂತೆ ಎಂದು ಶುರುಮಾಡಿ, ನಿಮ್ಮ ಕೈಗೆ ತಕ್ಕಂತೆ ಬದಲಿಸಿ. ಒಂದೇ ಗೆರೆ ಇಟ್ಟರೆ ಆ ಗೆರೆಯ ಮೇಲೆ ನಿಂತ ಬೆರಳು ಒಂದು ಕ್ಲಿಕ್ಕನ್ನು ಏಳೆಂಟು ಮಾಡುತ್ತದೆ.

ಬೆಳಕನ್ನೂ ನೋಡಿಕೊಳ್ಳಿ. ಮಬ್ಬು ಬೆಳಕಿನಲ್ಲಿ ವೆಬ್‌ಕ್ಯಾಮ್ ಪ್ರತಿ ಚಿತ್ರಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡು ಸೆಕೆಂಡಿಗೆ 15 ಚಿತ್ರಕ್ಕೆ ಇಳಿಯುತ್ತದೆ, ಚಲಿಸುವ ಬೆರಳು ಕಲಸಿಹೋಗುತ್ತದೆ. ಚಿತ್ರದಲ್ಲಿ ಅಡ್ಡಪಟ್ಟಿ ಓಡಿದರೆ ಕ್ಯಾಮೆರಾದ ವಿದ್ಯುತ್ ಆವರ್ತನ ಸೆಟ್ಟಿಂಗ್ 60ರಲ್ಲಿದೆ ಎಂದರ್ಥ. ನಮ್ಮ ದೇಶದ ಕರೆಂಟಿಗೆ 50 ಹರ್ಟ್ಸ್ ಬೇಕು. ಸೀಲಿಂಗ್ ಫ್ಯಾನಿನ ಮೇಲಿರುವ ಲೈಟಿನಡಿ ಕೂರಬೇಡಿ, ರೆಕ್ಕೆಯ ನೆರಳು ಅಂಗೈ ಮೇಲೆ ಹಾಯುತ್ತಲೇ ಇರುತ್ತದೆ. ಮೊಣಕೈಯನ್ನು ಮೇಜಿಗೆ ಊರಿ ಆಡಿಸುವಂತೆ ಕ್ಯಾಮೆರಾ ಇಡಿ. ಕೈ ಗಾಳಿಯಲ್ಲಿ ತೂಗಿದರೆ ಐದು ನಿಮಿಷಕ್ಕೆ ಭುಜ ಸೋಲುತ್ತದೆ.

ಪ್ರಶ್ನೆ: ನಮ್ಮ ತಂದೆಗೆ ಮೋಟಾರ್ ನ್ಯೂರಾನ್ ಕಾಯಿಲೆ. ಮಾತು ನಿಂತಿದೆ, ಕೈಕಾಲು ಆಡುವುದಿಲ್ಲ. ಕಣ್ಣು ಮಾತ್ರ ಚೆನ್ನಾಗಿ ಆಡುತ್ತದೆ, ಬುದ್ಧಿ ಚುರುಕಾಗಿದೆ. ವೆಬ್‌ಕ್ಯಾಮಿನಿಂದ ಕಣ್ಣು ಹಿಂಬಾಲಿಸುವ ಪ್ರೋಗ್ರಾಂ ಹಾಕಿಕೊಟ್ಟೆವು. ಬಾಣ ಎಲ್ಲೆಲ್ಲೋ ಹೋಗುತ್ತದೆ. ಬೇಸತ್ತು ಅವರು ಕಣ್ಣು ಮುಚ್ಚಿಬಿಡುತ್ತಾರೆ. ಏನು ಕೊಳ್ಳಬೇಕು?
– ಶಿವಮೊಗ್ಗ

ಉತ್ತರ: ಕೊಳ್ಳುವ ಮಾತು ಆಮೇಲೆ. ಇವತ್ತು ಸಂಜೆಯೇ ಅವರು ಮಾತಾಡುವಂತೆ ಮಾಡಬಹುದು, ಕಂಪ್ಯೂಟರ್ ಇಲ್ಲದೆ.

ಸುಮಾರು 30 x 40 ಸೆಂ.ಮೀ. ಅಳತೆಯ, 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆ ತನ್ನಿ. ನಡುವೆ ಒಂದು ದೊಡ್ಡ ಕಿಟಕಿ ಕತ್ತರಿಸಿ. ನಾಲ್ಕು ಮೂಲೆ, ನಾಲ್ಕು ಅಂಚಿನ ನಡುಭಾಗ, ಒಟ್ಟು ಎಂಟು ಜಾಗಗಳಿಗೆ 1ರಿಂದ 8 ಅಂಕಿ ಕೊಡಿ. ಮೊದಲ ಐದರಲ್ಲಿ ಕ, ಚ, ಟ, ತ, ಪ ವರ್ಗಗಳು, ಆರರಲ್ಲಿ ಯ ರ ಲ ವ, ಏಳರಲ್ಲಿ ಶ ಷ ಸ ಹ ಳ, ಎಂಟರಲ್ಲಿ ಸ್ವರಗಳು. ನಮ್ಮ ವರ್ಣಮಾಲೆ ಐದೈದರ ಸಾಲಾಗಿ ಜೋಡಿಸಿರುವುದು ಇಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಹಲಗೆಯನ್ನು ಇಬ್ಬರ ಮುಖಗಳ ನಡುವೆ, ಅವರ ಕಣ್ಣಿನಿಂದ ಅರ್ಧ ಮೀಟರ್ ದೂರದಲ್ಲಿ ಹಿಡಿಯಿರಿ. ಅವರು ಮೊದಲ ನೋಟದಲ್ಲಿ ವರ್ಗ ತೋರಿಸಿ, ಕಿಟಕಿಯಲ್ಲಿ ನಿಮ್ಮ ಕಣ್ಣಿಗೆ ಮರಳಿ, ಎರಡನೇ ನೋಟದಲ್ಲಿ ಆ ವರ್ಗದ ಎಷ್ಟನೇ ಅಕ್ಷರ ಎಂದು ಅಂಕಿ ತೋರಿಸಬೇಕು. ತ ವರ್ಗ, ಆಮೇಲೆ 5 ಎಂದರೆ 'ನ'. ಸ್ವರ ಹೇಳಬೇಕಾದರೆ 8, ಆಮೇಲೆ ಅ ಇ ಉ ಎ ಐ ಒ ಔ ಅಂ ಎಂಬ ಎಂಟರಲ್ಲಿ ಒಂದು. ಹ್ರಸ್ವ–ದೀರ್ಘ ಬಿಟ್ಟುಬಿಡಿ, ಊಹೆಗೆ ಸಿಗುತ್ತದೆ. 'ನ', 'ಇ', 'ರ' ಆಗುವಷ್ಟರಲ್ಲಿ "ನೀರಾ ಅಪ್ಪಾ?" ಎಂದು ಕೇಳಬಹುದು. ಹೌದು ಎನ್ನಲು ಕಣ್ಣು ಮೇಲೆ ಎತ್ತುವುದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಅಕ್ಷರಗಳನ್ನು ಬಿಳಿ ಸ್ಟಿಕ್ಕರ್ ಮೇಲೆ ಬರೆದು ಎರಡೂ ಬದಿಗೆ ಅಂಟಿಸಿ. ನೇರ ಹಾಳೆಯ ಮೇಲೆ ಬರೆದರೆ ಒಂದು ಕಡೆಯವರಿಗೆ ತಿರುವುಮುರುವಾಗಿ ಕಾಣುತ್ತದೆ.

ಈಗ ಯಂತ್ರ. ಕಣ್ಣಿನಿಂದ 60 ಸೆಂ.ಮೀ. ದೂರದ ಪರದೆಯಲ್ಲಿ ನೋಟದ ಒಂದು ಡಿಗ್ರಿ ತಪ್ಪು ಅಂದರೆ ಸುಮಾರು 1 ಸೆಂ.ಮೀ. ಸಾಧಾರಣ ವೆಬ್‌ಕ್ಯಾಮ್ ಹಲವು ಡಿಗ್ರಿ ತಪ್ಪುತ್ತದೆ. ಮೂರ್ನಾಲ್ಕು ಸೆಂಟಿಮೀಟರ್ ಆಚೀಚೆ. ತಪ್ಪು ನಿಮ್ಮ ತಂದೆಯವರದಲ್ಲ ಎಂದು ಅವರಿಗೆ ದಯವಿಟ್ಟು ಹೇಳಿ. ಇನ್‌ಫ್ರಾರೆಡ್ ಐ ಟ್ರ್ಯಾಕರ್ ಬೇರೆ ಬಗೆಯದು. ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮೇಲೆ ಹೊಳೆಯುವ ಆ ಬೆಳಕಿನ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ಅಂತರದಿಂದ ನೋಟದ ದಿಕ್ಕು ಲೆಕ್ಕ ಹಾಕುತ್ತದೆ. ಸರಿಯಾಗಿ ಕೂರಿಸಿದರೆ ತಪ್ಪು ಅರ್ಧದಿಂದ ಒಂದು ಡಿಗ್ರಿ. ಟೋಬಿ ಕಂಪನಿಯ ಟ್ರ್ಯಾಕರ್‌ಗಳು ಹೆಚ್ಚು ಬಳಕೆಯಲ್ಲಿವೆ. ವಿಂಡೋಸ್‌ನಲ್ಲಿ 2017ರಿಂದ ಕಣ್ಣಿನಿಂದ ಕಂಪ್ಯೂಟರ್ ನಡೆಸುವ 'ಐ ಕಂಟ್ರೋಲ್' ಒಳಗೇ ಇದೆ, ಆದರೆ ಎಲ್ಲ ಟ್ರ್ಯಾಕರ್‌ಗೂ ಅದು ಹೊಂದುವುದಿಲ್ಲ. ಹಣ ಕೊಡುವ ಮೊದಲು ಮಾದರಿಯ ಹೆಸರು ಹಿಡಿದು ವಿಚಾರಿಸಿ, ಸಾಧ್ಯವಾದರೆ ಅವರ ಕಣ್ಣಿಗೇ ಹಿಡಿದು ಪರೀಕ್ಷಿಸಿ. ರೆಪ್ಪೆ ಜೋತಿದ್ದರೆ ಪಾಪೆ ಮುಚ್ಚಿಹೋಗುತ್ತದೆ. ಇದೇ ಕಾಯಿಲೆಯಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಕಣ್ಣಿನ ಟ್ರ್ಯಾಕರ್ ಒಗ್ಗದಿದ್ದುದಕ್ಕೆ ಜೋತ ರೆಪ್ಪೆಯೇ ಕಾರಣ. ಕೆನ್ನೆಯ ಸ್ನಾಯುವಿನ ಅಲುಗಾಟವನ್ನು ಹಿಡಿಯುವ ಸೆನ್ಸರನ್ನು ಕನ್ನಡಕಕ್ಕೆ ಕಟ್ಟಿಕೊಂಡು ಅವರು ಬರೆಯುತ್ತಿದ್ದರು.

ಟ್ರ್ಯಾಕರ್ ಪರದೆಯ ಕೆಳಗಂಚಿನಲ್ಲಿ, ಮುಖದಿಂದ 55–65 ಸೆಂ.ಮೀ. ದೂರದಲ್ಲಿರಲಿ. ಅವರು ಒರಗಿ ಮಲಗಿದ್ದರೆ ಪರದೆಯನ್ನೂ ಅಷ್ಟೇ ಓರೆ ಮಾಡಿ, ಪರದೆ ಮುಖಕ್ಕೆ ಸಮಾಂತರವಾಗಿರಬೇಕು. ಮಾನಿಟರ್ ಆರ್ಮ್‌ಗೆ ಕೊಟ್ಟ ಹಣ ವ್ಯರ್ಥವಲ್ಲ. ಬಿಸಿಲು ಬೀಳುವ ಕಿಟಕಿಗೆ ಕರ್ಟನ್ ಹಾಕಿ, ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತದೆ. ದಿಂಬು ಬದಲಾದರೂ ಸಾಕು, ಮತ್ತೆ ಕ್ಯಾಲಿಬ್ರೇಟ್ ಮಾಡಿ (ಪರದೆಯ ಚುಕ್ಕೆಗಳನ್ನು ನೋಡಿಸಿ ಟ್ರ್ಯಾಕರನ್ನು ಅವರ ಕಣ್ಣಿಗೆ ಹೊಂದಿಸಿ). ನೋಟ ನಿಲ್ಲಿಸಿದರೆ ಕ್ಲಿಕ್ ಆಗುವ ಸಮಯವನ್ನು ಮೊದಲ ವಾರ ಒಂದೂವರೆ ಸೆಕೆಂಡ್ ಇಡಿ. ಕಡಿಮೆ ಇಟ್ಟರೆ ಸುಮ್ಮನೆ ಓದಲು ನೋಡಿದ್ದೆಲ್ಲ ಕ್ಲಿಕ್ ಆಗುತ್ತದೆ. ಕಣ್ಣು ಇರುವುದು ನೋಡಲಿಕ್ಕೆ. ಒತ್ತುವ ಕೆಲಸ ಅದಕ್ಕೆ ಹೊರೆ. ಒಂದು ಬೆರಳೋ ಹುಬ್ಬೋ ಇನ್ನೂ ಆಡುತ್ತಿದ್ದರೆ ಕ್ಲಿಕ್ಕನ್ನು ಅದಕ್ಕೆ ಸಣ್ಣ ಸ್ವಿಚ್ ಮೂಲಕ ಕೊಟ್ಟುಬಿಡಿ. ಒಮ್ಮೆಗೆ 15 ನಿಮಿಷ ಸಾಕು.

ಈಗಿರುವ ವೆಬ್‌ಕ್ಯಾಮನ್ನೂ ಎಸೆಯಬೇಡಿ. 15.6 ಇಂಚಿನ ಪರದೆ ಸುಮಾರು 34 ಸೆಂ.ಮೀ. ಅಗಲ. ಅದನ್ನು ಆರೇ ಆರು ದೊಡ್ಡ ಮನೆಗಳಾಗಿ ಮಾಡಿ 'ನೋವು', 'ಹೊರಳಿಸಿ', 'ಕಫ ತೆಗೆಯಿರಿ', 'ನೀರು', 'ಸೆಕೆ', 'ಇಲ್ಲೇ ಇರಿ' ಎಂದು ಹಾಕಿದರೆ ಅಷ್ಟು ತಪ್ಪಿನಲ್ಲೂ ಕೆಲಸ ಮಾಡುತ್ತದೆ.

ಪ್ರಶ್ನೆ: ಕಣ್ಣಿನ ನೋಟದಿಂದ ಕನ್ನಡ ಟೈಪ್ ಮಾಡಬಹುದೇ?
– ಮಂಗಳೂರು

ಉತ್ತರ: ಮಾಡಬಹುದು. ಟ್ರ್ಯಾಕರ್ ಮೌಸ್ ಬಾಣವನ್ನು ಓಡಿಸುವಂತಿದ್ದರೆ ಸಾಕು. ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿ, ವಿಂಡೋಸ್ ಕೀಲಿ, ಕಂಟ್ರೋಲ್, ಓ ಒಟ್ಟಿಗೆ ಒತ್ತಿ ಪರದೆಯ ಕೀಬೋರ್ಡ್ ತೆರೆಯಿರಿ. ಆಪ್ಷನ್ಸ್‌ನಲ್ಲಿ 'ಹೋವರ್ ಓವರ್ ಕೀಸ್' ಆರಿಸಿದರೆ ಬಾಣ ನಿಂತ ಕೀಲಿ ತಾನೇ ಒತ್ತಿಕೊಳ್ಳುತ್ತದೆ. ಮೂಲೆ ಹಿಡಿದು ಎಳೆದು ಕೀಬೋರ್ಡನ್ನು ಪರದೆಯ ಅರ್ಧದಷ್ಟು ದೊಡ್ಡದು ಮಾಡಿ. ವೇಗ ಮಾತ್ರ ಕಡಿಮೆ: 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಕೀಲಿಗಳ ಜೋಡಣೆಯಾದ ಇನ್‌ಸ್ಕ್ರಿಪ್ಟ್‌ನಲ್ಲಿ ಆರು ಕೀಲಿ ಬೇಕು, ಒಂದೊಂದಕ್ಕೆ ಒಂದು ಸೆಕೆಂಡಾದರೂ ಆರು ಸೆಕೆಂಡ್. ದಿನಬಳಕೆಯ ವಾಕ್ಯಗಳನ್ನು ಮೊದಲೇ ಟೈಪ್ ಮಾಡಿ ಬಟನ್‌ಗಳಾಗಿ ಇಟ್ಟುಕೊಳ್ಳಿ. ಕೀಬೋರ್ಡು ಹೊಸ ಮಾತಿಗೆ ಇರಲಿ.

ಪ್ರಶ್ನೆ: ಕಣ್ಣು ಮಿಟುಕಿಸಿದರೆ ಕ್ಲಿಕ್ ಆಗುವಂತೆ ಮಾಡಿದ್ದೇನೆ. ಬೇಡವಾದಾಗಲೂ ಆಗುತ್ತದೆ.
– ತುಮಕೂರು

ಉತ್ತರ: ಮನುಷ್ಯ ನಿಮಿಷಕ್ಕೆ 15–20 ಸಲ ತಾನಾಗಿಯೇ ರೆಪ್ಪೆ ಬಡಿಯುತ್ತಾನೆ. ಅಂಥ ಮಿಟುಕು 0.1ರಿಂದ 0.4 ಸೆಕೆಂಡ್ ಇರುತ್ತದೆ. ಆದ್ದರಿಂದ ಅರ್ಧ ಸೆಕೆಂಡಿಗೂ ಹೆಚ್ಚು ಮುಚ್ಚಿದ್ದನ್ನು ಮಾತ್ರ ಕ್ಲಿಕ್ ಎಂದು ಎಣಿಸಿ. ಸೆಕೆಂಡಿಗೆ 30 ಚಿತ್ರವಾದರೆ ಸತತ 16 ಚಿತ್ರ. ರೆಪ್ಪೆಗಳ ನಡುವಿನ ಎರಡು ಲಂಬ ಅಂತರಗಳನ್ನು ಕೂಡಿಸಿ, ಕಣ್ಣಿನ ಅಗಲದ ಎರಡರಷ್ಟರಿಂದ ಭಾಗಿಸಿದರೆ ತೆರೆದ ಕಣ್ಣಿಗೆ ಸುಮಾರು 0.3 ಬರುತ್ತದೆ, ಮುಚ್ಚಿದರೆ 0.2ಕ್ಕಿಂತ ಕೆಳಗೆ. ಸಣ್ಣ ಕಣ್ಣಿನವರಿಗೆ ಈ ಅಂಕಿ ಹೊಂದದು. ಶುರುವಿನಲ್ಲಿ ಐದು ಸೆಕೆಂಡ್ ಅವರ ತೆರೆದ ಕಣ್ಣನ್ನೇ ಅಳೆದು, ಅದರ ಮುಕ್ಕಾಲಿಗೂ ಕಡಿಮೆಯನ್ನು ಗೆರೆಯಾಗಿ ಇಡಿ. ಇನ್ನೊಂದು ಮಾತು: ಕಣ್ಣು ಮುಚ್ಚುವಾಗ ಪಾಪೆಯ ಗುರುತೂ ಕೆಳಗೆ ಜಾರುತ್ತದೆ. ಮುಚ್ಚಲು ಶುರುವಾಗುವ 0.2 ಸೆಕೆಂಡ್ ಮೊದಲಿನ ಸ್ಥಾನದಲ್ಲಿ ಕ್ಲಿಕ್ ಮಾಡಿಸಿ.

ಪ್ರಶ್ನೆ: ಐಫೋನನ್ನು ಕಣ್ಣಿನಿಂದ ನಡೆಸುವ ಸೌಲಭ್ಯ ಮೊದಲು ಸರಿಯಿದ್ದು ಆಮೇಲೆ ದಾರಿ ತಪ್ಪುತ್ತದೆ. ನಮ್ಮ ಇನ್ನೊಬ್ಬರ ಹತ್ತಿರ ಆಂಡ್ರಾಯ್ಡ್ ಮಾತ್ರ ಇದೆ, ಅವರಿಗೇನು ದಾರಿ?
– ಬೆಳಗಾವಿ

ಉತ್ತರ: ಐಒಎಸ್ 18ರಿಂದ, ಐಫೋನ್ 12 ಮತ್ತು ಆಮೇಲಿನ ಫೋನ್‌ಗಳಲ್ಲಿ ಈ ಸೌಲಭ್ಯವಿದೆ. ಫೋನನ್ನು ಯಾರಾದರೂ ಕೈಯಲ್ಲಿ ಹಿಡಿದಿದ್ದರೆ ತಪ್ಪದೆ ಇರದು. ಭಾರವಾದ ಸ್ಟ್ಯಾಂಡಿನಲ್ಲಿ, ಮುಖದಿಂದ ಒಂದೂವರೆ ಅಡಿ ದೂರ ಇಡಿ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಐ ಟ್ರ್ಯಾಕಿಂಗ್‌ಗೆ ಹೋಗಿ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕ್ಯಾಲಿಬ್ರೇಟ್ ಮಾಡುವ ಚುಕ್ಕೆಗಳು ಹೊಸದಾಗಿ ಬರುತ್ತವೆ. ಅಲ್ಲೇ 'ಸ್ಮೂದಿಂಗ್' ಸ್ವಲ್ಪ ಏರಿಸಿ. ಮುಂಭಾಗದ ಕ್ಯಾಮೆರಾವನ್ನು ಬಟ್ಟೆಯಿಂದ ಒರೆಸಿ, ಬೆರಳಿನ ಎಣ್ಣೆ ಮೆತ್ತಿದ್ದರೂ ದಾರಿ ತಪ್ಪುತ್ತದೆ.

ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿಯ 'ಸ್ವಿಚ್ ಆಕ್ಸೆಸ್' ಒಳಗೆ ಕ್ಯಾಮೆರಾ ಸ್ವಿಚ್ ಇದೆ. ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡುವುದು, ನಗುವುದು, ಬಾಯಿ ತೆರೆಯುವುದು, ಹುಬ್ಬೇರಿಸುವುದು – ಈ ಆರು ಸನ್ನೆಗಳಿಗೆ ಬೇಕಾದ ಕೆಲಸ ಹಚ್ಚಬಹುದು. ಎರಡೇ ಸನ್ನೆಯಿಂದ ಶುರುಮಾಡಿ: ಒಂದು 'ಮುಂದೆ', ಒಂದು 'ಆರಿಸು'. ನಗುವನ್ನು ಬಿಡಿ, ಮನೆಯವರ ಜೊತೆ ನಕ್ಕಾಗಲೆಲ್ಲ ಫೋನ್ ಏನೋ ಒತ್ತಿಬಿಡುತ್ತದೆ. ತಲೆ ಆಡುವವರಿಗೆ ಕಂಪ್ಯೂಟರಿನಲ್ಲಿ ಇವೈಯಾಕ್ಯಾಮ್, ಕ್ಯಾಮೆರಾ ಮೌಸ್ ಎಂಬ ಉಚಿತ ಪ್ರೋಗ್ರಾಂಗಳಿವೆ. ಸಾಧಾರಣ ವೆಬ್‌ಕ್ಯಾಮಿನಲ್ಲಿ ತಲೆಯ ಚಲನೆ ಕಣ್ಣಿನ ನೋಟಕ್ಕಿಂತ ಎಷ್ಟೋ ನಿಖರವಾಗಿ ಸಿಗುತ್ತದೆ.

ಪ್ರಶ್ನೆ: ಕನ್ನಡಕ ಹಾಕಿದವರಿಗೆ ಐ ಟ್ರ್ಯಾಕರ್ ಆಗುತ್ತದೆಯೇ?
– ಹಾಸನ

ಉತ್ತರ: ಬಹಳ ಮಂದಿಗೆ ಆಗುತ್ತದೆ. ತೊಂದರೆ ಕೊಡುವುದು ಬೈಫೋಕಲ್, ಪ್ರೋಗ್ರೆಸಿವ್ ಗಾಜುಗಳು. ಒಂದೇ ಗಾಜಿನಲ್ಲಿ ಪವರ್ ಬದಲಾಗುವ ಕಡೆ ಪಾಪೆಯ ಚಿತ್ರ ಮುರಿದು ಕಾಣುತ್ತದೆ. ಪರದೆಯ ದೂರಕ್ಕೆ ಮಾತ್ರ ಒಂದೇ ಪವರಿನ ಗಾಜು ಮಾಡಿಸಿ. ಗಾಜಿನ ಮೇಲೆ ಟ್ರ್ಯಾಕರಿನ ಬೆಳಕು ಪ್ರತಿಫಲಿಸಿ ಪಾಪೆಯನ್ನು ಮುಚ್ಚುತ್ತಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಬಳಿ ಕೂದಲೆಳೆಯಷ್ಟು ಮೇಲೆತ್ತಿ ನೋಡಿ. ಗಾಜಿನ ಓರೆ ಬದಲಾಗಿ ಹೊಳಪು ಪಕ್ಕಕ್ಕೆ ಸರಿಯುತ್ತದೆ. ಕ್ಯಾಲಿಬ್ರೇಟ್ ಮಾಡಿದಾಗ ಇದ್ದ ಕನ್ನಡಕವನ್ನೇ ಬಳಸುವಾಗಲೂ ಹಾಕಿರಬೇಕು.