ಐದು ನಿಮಿಷದ ಊಟ, ಬೀರುವಿನೊಳಗಿನ ಬಿಸ್ಕತ್ತು

ಪ್ರಶ್ನೆ: ನಮ್ಮ ಯಜಮಾನರಿಗೆ 29 ವರ್ಷ. ನಾಲ್ಕರಿಂದ ಹದಿನೆಂಟರವರೆಗೆ ಅನಾಥಾಲಯದಲ್ಲಿ ಬೆಳೆದವರು, ಈಗ ವಸಂತನರಸಾಪುರದಲ್ಲಿ ಕೆಲಸ. ಸ್ವಭಾವ ಒಳ್ಳೆಯದೇ. ಆದರೆ ಐದೇ ನಿಮಿಷಕ್ಕೆ ಉಂಡು ಏಳುತ್ತಾರೆ. ಬಟ್ಟೆಯ ಹಿಂದೆ ಬಿಸ್ಕತ್ತು ಪೊಟ್ಟಣ ಬಚ್ಚಿಡುತ್ತಾರೆ. ಏನು ಮಾಡಲಿ ಅಂದರೆ 'ಏನಾದ್ರೂ ಸರಿ'. ಜಗಳವಾದರೆ ಎರಡು ದಿನ ಮಾತಿಲ್ಲ. ಇದು ಕಾಯಿಲೆಯೇ?
– ಓದುಗಿ, ಗುಬ್ಬಿ

ಉತ್ತರ: ನೀವು ಬರೆದಷ್ಟರಲ್ಲಿ ಕಾಯಿಲೆ ಕಾಣುವುದಿಲ್ಲ. ಇವೆಲ್ಲ ಅಲ್ಲಿ ಬದುಕಲು ಕಲಿತ ವಿದ್ಯೆಗಳು. ದೊಡ್ಡ ಪಂಕ್ತಿಯಲ್ಲಿ ಮೊದಲು ಉಂಡವನಿಗೆ ಎರಡನೇ ಸಲ ಸಾರು ಸಿಗುತ್ತದೆ. ತಿಂಡಿಯನ್ನು ಕಾಣುವಂತೆ ಇಟ್ಟರೆ ಅದು ಎಲ್ಲರದೂ. ಏನು ಬೇಕೆಂದು ಹದಿನಾಲ್ಕು ವರ್ಷ ಯಾರೂ ಕೇಳದಿದ್ದರೆ 'ಬೇಕು' ಅನ್ನುವುದೇ ಮರೆತುಹೋಗುತ್ತದೆ.

ಸಿದ್ಧಗಂಗೆಯಲ್ಲೂ ಸಾವಿರಾರು ಮಕ್ಕಳು ಸಾಲಾಗಿ ಕೂತೇ ಉಣ್ಣುತ್ತಾರಲ್ಲ ಎನ್ನಬಹುದು. ಅವರಲ್ಲಿ ಹೆಚ್ಚಿನವರಿಗೆ ರಜೆಗೆ ಹೋಗಲು ಊರಿದೆ, ದಾರಿ ಕಾಯುವ ಅಮ್ಮನಿದ್ದಾಳೆ. ಮನಸ್ಸಿಗೆ ಪೆಟ್ಟು ಬೀಳುವುದು 'ನನ್ನವರು' ಎನ್ನುವ ಒಬ್ಬರೂ ಇಲ್ಲದಿದ್ದಾಗ, ನೋಡಿಕೊಳ್ಳುವವರು ವರ್ಷಕ್ಕೊಬ್ಬರಂತೆ ಬದಲಾದಾಗ.

ರುಮೇನಿಯಾದ ಅನಾಥಾಲಯಗಳಿಂದ 1990ರ ಸುಮಾರಿಗೆ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಇಪ್ಪತ್ತರ ಹರೆಯ ದಾಟುವವರೆಗೂ ಗಮನಿಸಿದ ಅಧ್ಯಯನವಿದೆ. ಆರು ತಿಂಗಳೊಳಗೆ ಅಲ್ಲಿಂದ ಹೊರಬಂದವರು ಹೆಚ್ಚುಕಡಿಮೆ ಎಲ್ಲರಂತೆ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಚಂಚಲತೆ, ಅಪರಿಚಿತರೊಡನೆ ಅತಿ ಸಲಿಗೆಯಂಥ ತೊಂದರೆಗಳು ದೊಡ್ಡವರಾದ ಮೇಲೂ ಉಳಿದವು. ಅವರಲ್ಲೂ ಐವರಲ್ಲಿ ಒಬ್ಬರಿಗೆ ಯಾವ ತೊಂದರೆಯೂ ಕಾಣಲಿಲ್ಲ. ಅಲ್ಲಿನ ಸ್ಥಿತಿ ಭೀಕರವಾಗಿತ್ತು, ಅದನ್ನು ಇಲ್ಲಿಗೆ ಹಾಗೇ ಹೊಂದಿಸಬಾರದು. ನಿಮ್ಮವರನ್ನು ನಾಲ್ಕು ವರ್ಷದವರೆಗೆ ಯಾರಾದರೂ ಎತ್ತಿ ಆಡಿಸಿದ್ದರೆ ಅದೇ ಗಟ್ಟಿ ಬುನಾದಿ.

ಈಗ ಬಿಸ್ಕತ್ತಿನ ವಿಚಾರ. ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವ ಎತ್ತರದಲ್ಲಿ ಅವರದೇ ಒಂದು ಡಬ್ಬ ಇಡಿ. ಪ್ರತಿ ಶನಿವಾರ ತುಂಬಿಸಿ. ಎಷ್ಟು ಖಾಲಿಯಾಯಿತೆಂದು ಎಣಿಸಬೇಡಿ, ನೆಂಟರ ಮುಂದೆ ತಮಾಷೆ ಮಾಡಬೇಡಿ. ಬೀರುವಿನಲ್ಲಿ ಇರುವುದು ಅಲ್ಲೇ ಇರಲಿ. ಕೆಲಸ ಕೆಡುವುದು ಹೆಚ್ಚಾಗಿ ಯುಗಾದಿಗೆ ಮನೆ ಗುಡಿಸುವಾಗ: 'ಇರುವೆ ಬಂದಿದೆ' ಅಂತ ಎಲ್ಲ ತೆಗೆದು ಬಿಸಾಡಿದರೆ ಬಚ್ಚಿಡುವ ಜಾಗ ಬದಲಾಗುತ್ತದೆ ಅಷ್ಟೇ. ಇರುವೆಯ ಚಿಂತೆಯಿದ್ದರೆ ಬಿಗಿ ಮುಚ್ಚಳದ ಡಬ್ಬ ಕೊಡಿ. ತಿಂಗಳುಗಳೇ ಹಿಡಿಯಬಹುದು.

'ಏನು ಬೇಕು' ಅಂತ ಕೇಳುವುದರ ಬದಲು 'ಉಪ್ಪಿಟ್ಟಾ, ದೋಸೆನಾ' ಅಂತ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಸುಮ್ಮನಿರಿ. ದೋಸೆ ಅಂದರೆ ದೋಸೆಯೇ ಆಗಬೇಕು. 'ಹಿಟ್ಟು ಹುಳಿ ಬಂದಿಲ್ಲ, ಉಪ್ಪಿಟ್ಟೇ ಮಾಡ್ತೀನಿ' ಅಂದಿರೋ, ಇನ್ನೊಂದು ತಿಂಗಳು 'ಏನಾದ್ರೂ ಸರಿ'ಯೇ ಗತಿ.

ಜಗಳದಲ್ಲಿ 'ತವರಿಗೆ ಹೋಗ್ತೀನಿ' ಎಂಬ ಮಾತು ಬೇರೆ ಗಂಡಸರಿಗೆ ಬರೀ ಬೆದರಿಕೆ. ಇವರಿಗೆ ಅದು ಮತ್ತೊಮ್ಮೆ ಬಿಟ್ಟುಹೋದಂತೆ. ನಿಜಕ್ಕೂ ಹೋಗುವುದಿದ್ದರೆ 'ಭಾನುವಾರ ಸಂಜೆ ಐದರ ಬಸ್ಸಿಗೆ ಬರ್ತೀನಿ' ಅಂತ ಹೇಳಿ ಹೋಗಿ, ಅದೇ ಬಸ್ಸಿಗೆ ಬನ್ನಿ. ಬಸ್ಸು ತಪ್ಪಿದರೆ ಐದಕ್ಕೆ ಮೊದಲೇ ಫೋನ್ ಮಾಡಿ. ನೂರು ಸಲ ಪ್ರೀತಿಯ ಮಾತಾಡುವುದಕ್ಕಿಂತ ಹೇಳಿದ ಹೊತ್ತಿಗೆ ಬರುವುದೇ ಇವರಿಗೆ ನಂಬಿಕೆ ಹುಟ್ಟಿಸುತ್ತದೆ.

ನಿದ್ದೆ ಕೆಡುವುದು, ಕುಡಿತ, ಸಾಯುವ ಮಾತು ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಪ್ರಶ್ನೆ: ನಾನು ಮಕ್ಕಳ ಪಾಲನಾ ಸಂಸ್ಥೆಯೊಂದರಲ್ಲಿ ಗೃಹಮಾತೆ. ನಮ್ಮ ಹುಡುಗಿಯೊಬ್ಬಳಿಗೆ ಮೂರು ತಿಂಗಳಲ್ಲಿ 18 ತುಂಬುತ್ತದೆ. ಏನೇನು ತಯಾರಿ ಬೇಕು?
– ಓದುಗಿ, ಚಿಂತಾಮಣಿ

ಉತ್ತರ: ಬಿಡುಗಡೆಗೆ ಎರಡು ತಿಂಗಳು ಮೊದಲೇ ಮುಂದಿನ ಯೋಜನೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇರಬೇಕು. ಅಂದರೆ ನಿಮಗಿರುವುದು ಒಂದೇ ತಿಂಗಳು. 2015ರ ಬಾಲನ್ಯಾಯ ಕಾಯ್ದೆಯಡಿ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಮುಂದುವರಿಸಬಹುದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಕೊಡಿಸಿ. ಬಾಡಿಗೆ, ಊಟ ಎರಡಕ್ಕೂ ಈ ಹಣ ಸಾಲದು. ಹಾಗಾಗಿ ವಾಸಕ್ಕೂ ಅನುಕೂಲವಿರುವ ಕೆಲಸ ಅಥವಾ ಕೋರ್ಸನ್ನೇ ಮೊದಲು ಹುಡುಕಿ.

ಎಲ್ಲರೂ ಮರೆಯುವುದು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರನ್ನು. ಬಹಳ ಕಡೆ ಅದು ಸಂಸ್ಥೆಯದೋ ವಾರ್ಡನ್ನರದೋ ಆಗಿರುತ್ತದೆ. ಹುಡುಗಿ ನರಸಾಪುರದ ಕಾರ್ಖಾನೆಯಲ್ಲಿ, ಓಟಿಪಿ ಇಲ್ಲಿ ನಿಮ್ಮ ಫೋನಿನಲ್ಲಿ! ಅವಳದೇ ಸಿಮ್ ಕೊಡಿಸಿ, ಆಧಾರ್ ಕೇಂದ್ರಕ್ಕೆ ಅವಳನ್ನೇ ಕರೆದುಕೊಂಡು ಹೋಗಿ ನಂಬರ್ ಬದಲಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇದೆಯೇ ನೋಡಿ. ಅಪ್ರಾಪ್ತರ ಖಾತೆಯಾಗಿದ್ದರೆ 18 ತುಂಬಿದ ಕೂಡಲೇ ಬ್ಯಾಂಕಿನಲ್ಲಿ ಹೊಸದಾಗಿ ಕೆವೈಸಿ, ಸಹಿ ಮಾಡಿಸಬೇಕು.

ಇನ್ನೊಂದು ಮಾತು. ಅರವತ್ತು ಜನರ ಅಡುಗೆಗೆ ಕೈ ಹಾಕಿದ ಹುಡುಗಿಗೂ ಒಬ್ಬಳಿಗೆ ಎಷ್ಟು ಬೇಕೆಂದು ಗೊತ್ತಿರುವುದಿಲ್ಲ. ಅರ್ಧ ಪಾವು ಅಕ್ಕಿಗೆ ಒಂದು ಪಾವು ನೀರು ಅಂತ ಕುಕ್ಕರಿನಲ್ಲಿ ಅವಳ ಕೈಯಿಂದಲೇ ನಾಲ್ಕು ಸಲ ಮಾಡಿಸಿ. ವಾರಕ್ಕೆ 500 ರೂಪಾಯಿ ಕೊಟ್ಟು ಸಂತೆ ಮಾಡಿಸಿ, ಲೆಕ್ಕ ಬರೆಸಿ. ದುಡ್ಡು ಮುಗಿಸಿಕೊಂಡರೆ ಬೈಯಬೇಡಿ, ಈಗಲೇ ಮುಗಿಸಿ ಕಲಿಯಲಿ. ಹೊರಗೆ ಹೋದ ಮೇಲೆ ಆರು ತಿಂಗಳು ಪ್ರತಿ ಭಾನುವಾರ ಒಂದೇ ಹೊತ್ತಿಗೆ ನೀವೇ ಫೋನ್ ಮಾಡಿ. ಅವಳೇ ಮಾಡಲಿ ಅಂತ ಕಾದರೆ, ಕಷ್ಟದಲ್ಲಿದ್ದಾಗಲೇ ಮಾಡುವುದಿಲ್ಲ.

ಪ್ರಶ್ನೆ: ಮಗನ ಹುಟ್ಟುಹಬ್ಬವನ್ನು ಹತ್ತಿರದ ಅನಾಥಾಲಯದಲ್ಲಿ ಕೇಕ್ ಕತ್ತರಿಸಿ ಮಾಡಬೇಕೆಂದಿದ್ದೇವೆ. ಸರಿಯೇ?
– ಓದುಗರು, ಮಾಲೂರು

ಉತ್ತರ: ಬೇಡ. ನಿಮ್ಮ ಮಗನಿಗೆ ಅಪ್ಪ ಅಮ್ಮ ಕೇಕ್ ತಿನ್ನಿಸುವುದನ್ನು ಆ ಮಕ್ಕಳು ಸಾಲಾಗಿ ಕೂತು ನೋಡಬೇಕಾಗುತ್ತದೆ. ಫೋಟೋ ತೆಗೆದು ಹಾಕುವುದಂತೂ ಕೂಡದು. ಮಕ್ಕಳ ಗುರುತು ಪ್ರಕಟಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆ ಹಣದಲ್ಲಿ ಅಲ್ಲಿ ಏನು ಬೇಕೆಂದು ಕೇಳಿ ಕೊಡಿಸಿ, ಬೇಕಿರುವುದು ಹೆಚ್ಚಾಗಿ ಒಳ ಉಡುಪು, ಚಪ್ಪಲಿ. ಹೋಗಲೇಬೇಕೆಂದಿದ್ದರೆ ಸಂಸ್ಥೆಯ ಅನುಮತಿ ಪಡೆದು, ಒಬ್ಬರೇ, ತಿಂಗಳಿಗೊಮ್ಮೆ ನಿಗದಿ ದಿನ ವರ್ಷವಿಡೀ ಹೋಗಿ ಲೆಕ್ಕ ಹೇಳಿಕೊಡಿ. ಹೋಗಲಾಗದ ತಿಂಗಳು ಮೊದಲೇ ಫೋನ್ ಮಾಡಿ, ವಿಷಯ ವಾರ್ಡನ್ನರಲ್ಲೇ ಉಳಿಯದೆ ಮಕ್ಕಳಿಗೂ ತಲುಪುವಂತೆ ನೋಡಿಕೊಳ್ಳಿ.